ನೀತಿಪಾಠಕ್ಕೆ ಧರ್ಮಗ್ರಂಥ ಬೇಕೇ? ಅರಿಸ್ಟಾಟಲ್ ಮತ್ತು ಇಸ್ಲಾಮಿನ ಅಖ್ಲಾಕ್ ಪರಂಪರೆ ನಡುವಿನ ಹಳೆಯ ಮಾತುಕತೆ

ಶಾಲೆಗಳಲ್ಲಿ ನೀತಿಶಿಕ್ಷಣ ಬೇಕು ಎಂಬ ಬೇಡಿಕೆ ಕೆಲವು ವರ್ಷಗಳಿಂದ ಬಿಟ್ಟುಬಿಟ್ಟು ಸುದ್ದಿಯಾಗುತ್ತಲೇ ಇದೆ. 2022ರ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಯವರೆಗೆ ಭಗವದ್ಗೀತೆಯನ್ನು ಕಲಿಕೆಯ ಭಾಗವಾಗಿಸುವುದಾಗಿ ವಿಧಾನಸಭೆಯಲ್ಲಿ ಪ್ರಕಟಿಸಿತು. ಅದರ ಬೆನ್ನಲ್ಲೇ ಕರ್ನಾಟಕದಲ್ಲೂ ಅದೇ ಚರ್ಚೆ ಎದ್ದಿತು. ಅಂದಿನಿಂದ ವಾದ ಹೆಚ್ಚುಕಡಿಮೆ ಒಂದೇ ಜಾಡಿನಲ್ಲಿ ಸಾಗಿದೆ. ಧರ್ಮದ ಆಧಾರವಿಲ್ಲದ ನೀತಿ ನಿಲ್ಲುವುದಿಲ್ಲ, ಆದ್ದರಿಂದ ಧರ್ಮಗ್ರಂಥವನ್ನೇ ಕಲಿಸಬೇಕು ಎಂದು ಒಂದು ಪಕ್ಷ ಹೇಳುತ್ತದೆ. ನೀತಿ ಎಂಬುದು ಮನುಷ್ಯನ ವಿವೇಚನೆಗೆ ಸೇರಿದ್ದು, ಅದಕ್ಕೆ ಗ್ರಂಥದ ಹಂಗು ಬೇಡ ಎಂದು ಇನ್ನೊಂದು ಪಕ್ಷ ಹೇಳುತ್ತದೆ. ಗೀತೆ ಇರಲಿ, ಆದರೆ ಕುರ್‌ಆನ್ ಮತ್ತು ಬೈಬಲ್‌ಗಳೂ ಇರಲಿ ಎನ್ನುವ ಮೂರನೆಯವರೂ ಇದ್ದಾರೆ. ಎಲ್ಲರಿಗೂ ಪಾಲು ಸಿಗಲಿ ಎಂಬ ಈ ಮೂರನೆಯ ನಿಲುವು ಉದಾರವಾಗಿ ಕಾಣುತ್ತದೆಯಾದರೂ ಅದು ಮೊದಲನೆಯ ಪಕ್ಷದ ಊಹೆಯನ್ನೇ ಒಪ್ಪಿಕೊಂಡು ಹೊರಟಿದೆ: ಅಂದರೆ, ಗ್ರಂಥವನ್ನು ಓದಿಸಿದರೆ ಗುಣ ಬರುತ್ತದೆ ಎಂಬ ಊಹೆಯನ್ನು.

ಈ ಊಹೆ ಹೊಸದಲ್ಲ. ಅದನ್ನು ಪರೀಕ್ಷಿಸಿದವರೂ ಹೊಸಬರಲ್ಲ. ದೇವರ ಆಜ್ಞೆಯನ್ನು ನಂಬಿದ ಒಂದು ಧಾರ್ಮಿಕ ನಾಗರಿಕತೆಯು ದೇವರ ಆಜ್ಞೆಯ ಪ್ರಸ್ತಾಪವೇ ಇಲ್ಲದ ಒಂದು ನೀತಿಶಾಸ್ತ್ರವನ್ನು ಎದುರಿಗಿಟ್ಟುಕೊಂಡು ಶತಮಾನಗಟ್ಟಲೆ ವಾದಿಸಿದ ಸ್ಪಷ್ಟ ಉದಾಹರಣೆ ಇತಿಹಾಸದಲ್ಲಿದೆ. ಅದು ಗ್ರೀಕರ ಸದ್ಗುಣ ನೀತಿ ಮತ್ತು ಇಸ್ಲಾಮಿನ ಅಖ್ಲಾಕ್, ಅಂದರೆ ಗುಣನಡತೆಗಳ ಚಿಂತನೆಯ ನಡುವೆ ನಡೆದ ವಾದ. ಗುಣ ಹೇಗೆ ರೂಪುಗೊಳ್ಳುತ್ತದೆ ಎಂಬುದರಲ್ಲಿ ಈ ಎರಡು ಪರಂಪರೆಗಳು ಆಶ್ಚರ್ಯವಾಗುವಷ್ಟು ಹತ್ತಿರ ಬಂದವು. ಗುಣ ಯಾತಕ್ಕಾಗಿ ಎಂಬುದರಲ್ಲಿ ಕೊನೆಯವರೆಗೂ ದೂರವೇ ಉಳಿದವು. ಇಂದಿನ ಚರ್ಚೆಯ ಗೊಂದಲ ಹುಟ್ಟುವುದು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿಯುವುದರಿಂದ.

ಕಾನೂನು ಎಳೆದಿರುವ ಗೆರೆ

ಸಂವಿಧಾನದ 28ನೇ ವಿಧಿಯ ಮೊದಲ ಉಪವಿಧಿಯ ಪ್ರಕಾರ, ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಉಳಿದ ಸಂಸ್ಥೆಗಳಲ್ಲಿ ಅಂಥ ಬೋಧನೆ ನಡೆದರೂ, ಒಪ್ಪಿಗೆಯಿಲ್ಲದೆ ಯಾವ ವಿದ್ಯಾರ್ಥಿಯನ್ನೂ ಅದಕ್ಕೆ ಕೂರಿಸುವಂತಿಲ್ಲ. ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಹಾಗಾದರೆ ಸರ್ಕಾರಿ ಶಾಲೆಯಲ್ಲಿ ಧರ್ಮದ ಸುದ್ದಿಯನ್ನೇ ಎತ್ತಬಾರದೇ? 2000ನೇ ಇಸವಿಯ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಪ್ರಶ್ನಿಸಿದ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಒಂದು ಮತದ ಆಚರಣೆ, ಉಪಾಸನೆಗಳನ್ನು ಕಲಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿವಳಿಕೆ ಕೊಡುವುದು ಬೇರೆ ಎಂದು ಅದು ವಿಂಗಡಿಸಿತು. ಎರಡನೆಯದಕ್ಕೆ ಅಡ್ಡಿಯಿಲ್ಲ ಎಂಬುದು ತೀರ್ಪಿನ ಸಾರ.

ತೀರ್ಪು ಹೇಳಿದ್ದು ಏನನ್ನು ಕಲಿಸಬಹುದು ಎಂಬುದನ್ನು. ಕಲಿಸಿದ್ದು ಗುಣವಾಗಿ ಮಾಗುತ್ತದೆಯೇ ಎಂಬುದು ನ್ಯಾಯಾಲಯದ ವ್ಯಾಪ್ತಿಗೆ ಬರುವ ಪ್ರಶ್ನೆಯಲ್ಲ. ಅದಕ್ಕೆ ಅಥೆನ್ಸಿನಿಂದ ಆರಂಭಿಸಬೇಕು.

ಮಾಡಿ ಮಾಡಿ ಬರುವ ಗುಣ

ಅರಿಸ್ಟಾಟಲ್ (ಕ್ರಿ.ಪೂ. 384–322) ತನ್ನ ‘ನಿಕೊಮಾಖಿಯನ್ ನೀತಿಶಾಸ್ತ್ರ’ವನ್ನು ಆರಂಭಿಸುವುದು ವಿಧಿನಿಷೇಧಗಳ ಪಟ್ಟಿಯಿಂದಲ್ಲ. ಮನುಷ್ಯ ಮಾಡುವ ಕೆಲಸಗಳೆಲ್ಲ ಕೊನೆಗೆ ಯಾವ ಗುರಿಯತ್ತ ಸಾಗುತ್ತವೆ ಎಂದು ಅವನು ಮೊದಲು ಕೇಳುತ್ತಾನೆ. ಆ ಗುರಿ ಸಾರ್ಥಕ ಬದುಕು. ಅದು ಕ್ಷಣಿಕವಾದ ಸಂತೋಷವಲ್ಲ. ಇಡೀ ಆಯುಷ್ಯವನ್ನು ವ್ಯಾಪಿಸುವ, ಸದ್ಗುಣಕ್ಕೆ ತಕ್ಕಂತೆ ನಡೆಯುವ ಚಟುವಟಿಕೆ. ಹೀಗಾಗಿ ಅವನ ಮುಖ್ಯ ಪ್ರಶ್ನೆ, ಎಂಥ ಕೆಲಸ ಸರಿ ಎಂಬುದಕ್ಕಿಂತ, ಎಂಥ ಮನುಷ್ಯನಾಗಬೇಕು ಎಂಬುದು.

ಅಂಥ ಮನುಷ್ಯನಾಗುವುದು ಹೇಗೆ? ಇಲ್ಲಿ ಅರಿಸ್ಟಾಟಲನ ಉತ್ತರ ಬಹಳ ಲೌಕಿಕವಾದದ್ದು. ಮನೆ ಕಟ್ಟಿ ಕಟ್ಟಿ ಗಾರೆಯವನಾಗುತ್ತಾರೆ, ತಂತಿವಾದ್ಯ ನುಡಿಸಿ ನುಡಿಸಿ ವಾದಕನಾಗುತ್ತಾರೆ. ಹಾಗೆಯೇ ನ್ಯಾಯದ ಕೆಲಸಗಳನ್ನು ಮಾಡಿ ಮಾಡಿ ನ್ಯಾಯವಂತನಾಗಬೇಕು. ಅಭ್ಯಾಸದಿಂದ ಮನಸ್ಸಿನಲ್ಲಿ ಒಂದು ಸ್ಥಿರವಾದ ಒಲವು ನೆಲೆಯಾಗುತ್ತದೆ; ಆಮೇಲೆ ಒಳ್ಳೆಯದನ್ನು ಮಾಡುವುದಕ್ಕೆ ತಿಣುಕಬೇಕಾಗಿಲ್ಲ, ಮಾಡುವುದರಲ್ಲಿ ಸಂತೋಷವೂ ಇರುತ್ತದೆ. ಬಾಲ್ಯದ ರೂಢಿ ಅಲ್ಪಸ್ವಲ್ಪವಲ್ಲ, ಎಲ್ಲವನ್ನೂ ನಿರ್ಧರಿಸುತ್ತದೆ ಎಂದು ಅವನು ಒತ್ತಿ ಹೇಳುತ್ತಾನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಯಾವುದು ರೂಢಿಯಾಗಬೇಕು? ಇದಕ್ಕೆ ಅವನ ಉತ್ತರ ಹದ. ಧೈರ್ಯವು ಹೇಡಿತನ ಮತ್ತು ಹುಂಬತನಗಳ ನಡುವೆ ಇದೆ. ಔದಾರ್ಯವು ಜಿಪುಣತನ ಮತ್ತು ದುಂದುವೆಚ್ಚಗಳ ನಡುವೆ ಇದೆ. ಈ ಹದ ಗಣಿತದ ಮಧ್ಯಬಿಂದುವಲ್ಲ, ಸಂದರ್ಭಕ್ಕೂ ವ್ಯಕ್ತಿಗೂ ತಕ್ಕಂತೆ ಬದಲಾಗುತ್ತದೆ. ಸಿಟ್ಟು ಮಾಡಿಕೊಳ್ಳುವುದು ಯಾರಿಗೂ ಸುಲಭ, ಆದರೆ ತಕ್ಕವರ ಮೇಲೆ, ತಕ್ಕಷ್ಟು, ತಕ್ಕ ಹೊತ್ತಿನಲ್ಲಿ ಸಿಟ್ಟಾಗುವುದು ಸುಲಭವಲ್ಲ. ಆ ತಕ್ಕದ್ದನ್ನು ಕಾಣುವ ಕಣ್ಣೇ ವಿವೇಕ, ಮತ್ತು ವಿವೇಕವನ್ನು ಸೂತ್ರಗಳಲ್ಲಿ ಬರೆದು ಕೊಡಲು ಆಗುವುದಿಲ್ಲ.

ಈ ವಾದದಿಂದ ನೇರವಾಗಿ ಹೊರಡುವ ಒಂದು ಪರಿಣಾಮವಿದೆ. ಅದನ್ನು ಅರಿಸ್ಟಾಟಲನೇ ಎರಡನೆಯ ಪುಸ್ತಕದಲ್ಲಿ ಹೇಳಿದ್ದಾನೆ. ಹೆಚ್ಚಿನವರು ನೀತಿಯನ್ನು ಮಾಡುವ ಬದಲು ನೀತಿಯ ಮಾತಿನಲ್ಲಿ ಆಶ್ರಯ ಪಡೆಯುತ್ತಾರೆ, ಹಾಗೆ ಮಾತಾಡುವುದರಿಂದಲೇ ತಾವು ಒಳ್ಳೆಯವರಾಗುತ್ತೇವೆ ಎಂದು ಭಾವಿಸುತ್ತಾರೆ. ಅವರು ವೈದ್ಯನ ಮಾತನ್ನು ಗಮನವಿಟ್ಟು ಕೇಳಿ, ಹೇಳಿದ ಒಂದನ್ನೂ ಮಾಡದ ರೋಗಿಗಳಂತೆ. ಪಾಠ ಓದಿಸಿ ಗುಣವನ್ನು ತರಿಸುವ ಯೋಜನೆಗಳ ವಿರುದ್ಧ ಇದಕ್ಕಿಂತ ಹಳೆಯ, ಇದಕ್ಕಿಂತ ನೇರವಾದ ಆಕ್ಷೇಪವನ್ನು ಹುಡುಕುವುದು ಕಷ್ಟ.

ಬಾಗ್ದಾದಿಗೆ ಬಂದ ಗ್ರೀಕ್ ನೀತಿ

ಅಬ್ಬಾಸಿ ಖಲೀಫರ ಕಾಲದಲ್ಲಿ, ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ, ಗ್ರೀಕ್ ಕೃತಿಗಳು ದೊಡ್ಡ ಪ್ರಮಾಣದಲ್ಲಿ ಅರಬ್ಬಿಗೆ ಬಂದವು. ಅರಿಸ್ಟಾಟಲನ ನೀತಿಶಾಸ್ತ್ರದ ಅನುವಾದವನ್ನು ಸಾಮಾನ್ಯವಾಗಿ ಇಸ್‌ಹಾಕ್ ಇಬ್ನ್ ಹುನೈನ್‌ನದೆಂದು ಹೇಳಲಾಗುತ್ತದೆ. ಆ ಅನುವಾದದ ಹಸ್ತಪ್ರತಿ ಮೊರಾಕೊದ ಫೆಸ್ ನಗರದ ಕರವಿಯ್ಯೀನ್ ಗ್ರಂಥಾಲಯದಲ್ಲಿ ಕಳೆದ ಶತಮಾನದ ಮಧ್ಯಭಾಗದಲ್ಲಷ್ಟೇ ಪತ್ತೆಯಾಯಿತು. ಮೂಲದಲ್ಲಿ ಹತ್ತು ಪುಸ್ತಕಗಳಿದ್ದರೆ ಅರಬ್ಬಿಯಲ್ಲಿ ಹನ್ನೊಂದು: ನಡುವೆ ಬೇರೆ ಯಾವುದೋ ಬರಹ ಏಳನೆಯ ಪುಸ್ತಕವಾಗಿ ಸೇರಿಕೊಂಡಿತ್ತು. ಜೊತೆಗೆ ಪ್ಲೇಟೊ ವಿವರಿಸಿದ ಆತ್ಮದ ಮೂರು ಭಾಗಗಳು, ವಿವೇಕ-ಧೈರ್ಯ-ಸಂಯಮ-ನ್ಯಾಯ ಎಂಬ ನಾಲ್ಕು ಮೂಲಗುಣಗಳು, ವೈದ್ಯ ಗ್ಯಾಲೆನ್ ಗುಣಗಳ ಬಗ್ಗೆ ಬರೆದ ಕೃತಿ ಇವೂ ಬಂದವು. ಗ್ಯಾಲೆನ್‌ನ ಆ ಕೃತಿ ಗ್ರೀಕ್‌ನಲ್ಲಿ ಕಳೆದುಹೋಗಿದೆ. ಅದರ ಸಾರಾಂಶ ಉಳಿದಿರುವುದು ಅರಬ್ಬಿಯಲ್ಲಿ.

ಈ ಸಾಮಗ್ರಿಯನ್ನೆಲ್ಲ ಒಂದು ವ್ಯವಸ್ಥೆಯಾಗಿ ಕಟ್ಟಿದವನು ಮಿಸ್ಕವೈಹ್. ಅವನು 1030ರಲ್ಲಿ ತೀರಿಕೊಂಡ. ಇರಾನಿನ ರೈ ನಗರದಲ್ಲಿ ಬುವೈಹಿ ರಾಜವಂಶದ ಮಂತ್ರಿಯೊಬ್ಬನ ಗ್ರಂಥಪಾಲಕನಾಗಿದ್ದ. ಅವನ ‘ತಹ್ಝೀಬುಲ್ ಅಖ್ಲಾಕ್’ ಎಂಬ ಕೃತಿಯ ಹೆಸರಿನ ಅರ್ಥ ಗುಣಗಳ ಸಂಸ್ಕಾರ. ಗುಣವೆಂದರೆ ಯೋಚನೆಯ ಒತ್ತಾಯವಿಲ್ಲದೆ ತಾನಾಗಿ ಕೆಲಸ ಹೊಮ್ಮುವಂತೆ ಮಾಡುವ ಮನಸ್ಸಿನ ಸ್ಥಿತಿ ಎಂದು ಅವನು ವಿವರಿಸುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ವಾದ ಅವನ ಕಾಲದಲ್ಲೂ ಇತ್ತು. ಅದನ್ನು ಒಪ್ಪಿದರೆ ಶಿಕ್ಷಣಕ್ಕೂ ಧರ್ಮದ ಕಟ್ಟಳೆಗಳಿಗೂ ಅರ್ಥವೇ ಉಳಿಯುವುದಿಲ್ಲ ಎಂದು ಅವನು ಅದನ್ನು ತಳ್ಳಿಹಾಕುತ್ತಾನೆ.

ಮಿಸ್ಕವೈಹ್‌ನ ಅತ್ಯಂತ ಸ್ವಾರಸ್ಯಕರ ಭಾಗವೆಂದರೆ ಸಾಮೂಹಿಕ ಪ್ರಾರ್ಥನೆಯ ವಿವರಣೆ. ಮನುಷ್ಯ ಸಮಾಜಜೀವಿ, ಗೆಳೆತನವಿಲ್ಲದೆ ಬದುಕು ಪೂರ್ಣವಲ್ಲ ಎಂಬುದು ಅರಿಸ್ಟಾಟಲನ ಮಾತು. ಅವನು ತನ್ನ ಗ್ರಂಥದ ಎರಡು ಪುಸ್ತಕಗಳನ್ನು ಸ್ನೇಹಕ್ಕೇ ಮೀಸಲಿಟ್ಟಿದ್ದಾನೆ. ಮಿಸ್ಕವೈಹ್ ಆ ಸೂತ್ರವನ್ನು ಹಿಡಿದು ಶರೀಅತ್ತಿನ ಏರ್ಪಾಡುಗಳನ್ನು ಓದುತ್ತಾನೆ. ದಿನಕ್ಕೆ ಐದು ಬಾರಿ ಮಸೀದಿಯಲ್ಲಿ ಸೇರುವುದರಿಂದ ಒಂದು ಮೊಹಲ್ಲಾದವರ ನಡುವೆ ಒಡನಾಟ ಬೆಳೆಯುತ್ತದೆ. ಶುಕ್ರವಾರದ ನಮಾಜಿನಿಂದ ಇಡೀ ಊರಿನವರು ಸೇರುತ್ತಾರೆ. ವರ್ಷಕ್ಕೆ ಎರಡು ಈದ್‌ಗಳಲ್ಲಿ ಊರಿನವರೂ ಸುತ್ತಲಿನ ಹಳ್ಳಿಯವರೂ ಬಯಲಿನಲ್ಲಿ ಕೂಡುತ್ತಾರೆ. ಬದುಕಿನಲ್ಲಿ ಒಮ್ಮೆ ಹಜ್ ಯಾತ್ರೆಯಲ್ಲಿ ದೂರದೂರದ ನಾಡಿನವರು ಸೇರುತ್ತಾರೆ. ಮನುಷ್ಯನಲ್ಲಿ ಸಹಜವಾಗಿಯೇ ಇರುವ ಸ್ನೇಹದ ಬೀಜ ಮೊಳೆಯಲೆಂದು ಧರ್ಮ ಈ ಅಭ್ಯಾಸಗಳನ್ನು ವಿಧಿಸಿದೆ ಎಂಬುದು ಅವನ ವ್ಯಾಖ್ಯಾನ. ಅದೇ ತರ್ಕದಿಂದ ಅವನು, ಜನರಿಂದ ದೂರ ಸರಿದು ಗುಹೆ ಸೇರುವ ವಿರಕ್ತರನ್ನು ಟೀಕಿಸುತ್ತಾನೆ. ಯಾರೊಡನೆಯೂ ವ್ಯವಹಾರವೇ ಇಲ್ಲದವನು ನ್ಯಾಯವನ್ನೋ ಔದಾರ್ಯವನ್ನೋ ತೋರಿಸುವುದು ಯಾರಿಗೆ?

ಇಲ್ಲಿ ಆದದ್ದು ಬರೀ ಎರವಲಲ್ಲ. ಧರ್ಮದ ವಿಧಿಯನ್ನು ಅಭ್ಯಾಸದ ವ್ಯವಸ್ಥೆಯಾಗಿ ಓದುವ ಒಂದು ಹೊಸ ದಾರಿ ತೆರೆಯಿತು. ಆದರೆ ಅದರಿಂದಲೇ ಒಂದು ಅನುಮಾನವೂ ಹುಟ್ಟಿತು: ನಮಾಜಿನ ಉದ್ದೇಶ ಒಡನಾಟ ಬೆಳೆಸುವುದಾದರೆ, ಒಡನಾಟವನ್ನು ಬೇರೆ ದಾರಿಯಿಂದ ಬೆಳೆಸಿಕೊಂಡವನಿಗೆ ನಮಾಜು ಬೇಕೇ? ಶ್ರದ್ಧಾವಂತರಿಗೆ ಈ ಪ್ರಶ್ನೆ ಹಿತವೆನಿಸುವಂಥದ್ದಲ್ಲ. ಮಿಸ್ಕವೈಹ್‌ನ ನಂತರ ಬಂದವರ ಮುಂದೆ ಇದ್ದ ಕೆಲಸ, ಅವನ ವಿಧಾನವನ್ನು ಉಳಿಸಿಕೊಂಡು ಈ ಅನುಮಾನಕ್ಕೆ ಉತ್ತರ ಕೊಡುವುದಾಗಿತ್ತು.

ಗಜಾಲಿ ಉಳಿಸಿಕೊಂಡದ್ದು, ಬದಲಿಸಿದ್ದು

ಆ ಕೆಲಸವನ್ನು ಮಾಡಿದವನು ಅಬೂ ಹಾಮಿದ್ ಅಲ್-ಗಜಾಲಿ (1058–1111). ಗ್ರೀಕ್ ತತ್ತ್ವಶಾಸ್ತ್ರದ ವಿರುದ್ಧ ಒಂದು ಪ್ರಖರ ಖಂಡನಾಗ್ರಂಥವನ್ನೇ ಬರೆದವನು ಎಂಬ ಕಾರಣಕ್ಕೆ ಅವನನ್ನು ವಿಚಾರದ ಶತ್ರು ಎಂದು ಚಿತ್ರಿಸುವುದುಂಟು. ಅವನ ನೀತಿಬರಹಗಳನ್ನು ತೆರೆದರೆ ಆ ಚಿತ್ರ ನಿಲ್ಲುವುದಿಲ್ಲ. ನಲವತ್ತು ಪುಸ್ತಕಗಳ ‘ಇಹ್ಯಾ ಉಲೂಮುದ್ದೀನ್’ನಲ್ಲಿ ಮನಸ್ಸನ್ನು ಪಳಗಿಸುವ ಕುರಿತಾದ ಪುಸ್ತಕವೊಂದಿದೆ. ಅದರಲ್ಲಿ ಗುಣದ ವ್ಯಾಖ್ಯೆ, ನಾಲ್ಕು ಮೂಲಗುಣಗಳು, ಹದದ ಸಿದ್ಧಾಂತ ಎಲ್ಲವೂ ಮಿಸ್ಕವೈಹ್‌ನ ಧಾಟಿಯಲ್ಲೇ ಇವೆ. ಅರಿಸ್ಟಾಟಲನ ವಾದಕನ ಜಾಗದಲ್ಲಿ ಗಜಾಲಿ ಲಿಪಿಕಾರನನ್ನು ತರುತ್ತಾನೆ: ಚೆಂದದ ಅಕ್ಷರ ಬರೆಯಬೇಕೆನ್ನುವವನು ಮೊದಲು ನುರಿತ ಲಿಪಿಕಾರನ ಕೈಯನ್ನು ಅನುಕರಿಸುತ್ತ ಕಷ್ಟಪಟ್ಟು ಬರೆಯುತ್ತಾನೆ, ಬರೆದು ಬರೆದು ಕೊನೆಗೆ ಅದು ಅವನ ಕೈಗೇ ಅಂಟಿದ ಗುಣವಾಗುತ್ತದೆ. ಜಿಪುಣ ದಾನಿಯಾಗುವುದೂ ಹಾಗೆಯೇ, ಮೊದಮೊದಲು ಮನಸ್ಸಿಗೆ ಒತ್ತಾಯ ಹೇರಿ, ಆಮೇಲೆ ಸಹಜವಾಗಿ.

ಹದದ ಸಿದ್ಧಾಂತ ಅವನಿಗೆ ಅಷ್ಟು ಸುಲಭವಾಗಿ ಒಗ್ಗಿದ್ದಕ್ಕೆ ಕಾರಣ ಕುರ್‌ಆನ್‌ನಲ್ಲೇ ಇದೆ. ಖರ್ಚು ಮಾಡುವಾಗ ದುಂದು ಮಾಡದೆ, ಕೈಬಿಗಿಯೂ ಮಾಡದೆ ಅವೆರಡರ ನಡುವೆ ಇರುವವರನ್ನು ಅದು ಹೊಗಳುತ್ತದೆ (25:67). ಕೈಯನ್ನು ಕೊರಳಿಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಿಯೂ ಬಿಡಬೇಡ ಎಂದು ಇನ್ನೊಂದು ಕಡೆ ಹೇಳುತ್ತದೆ (17:29). ಆದರೆ ಗಜಾಲಿ ಹದಕ್ಕೆ ಪರಲೋಕದ ಆಯಾಮ ಕೊಡುತ್ತಾನೆ. ನಿಜವಾದ ಹದ ಕೂದಲಿಗಿಂತ ತೆಳು, ಕತ್ತಿಗಿಂತ ಹರಿತ; ಇಹದಲ್ಲಿ ಆ ನೇರ ದಾರಿಯ ಮೇಲೆ ನಿಂತವನು ಪರದಲ್ಲಿ ನರಕದ ಮೇಲೆ ಹಾದುಹೋಗುತ್ತದೆಂದು ನಂಬಲಾದ ಅಂಥದೇ ಸೇತುವೆಯನ್ನೂ ದಾಟುತ್ತಾನೆ. ಅಷ್ಟು ಸೂಕ್ಷ್ಮವಾದ ದಾರಿಯಲ್ಲಿ ಯಾರೂ ಪೂರ್ತಿ ನಿಲ್ಲಲಾರರಾದ್ದರಿಂದಲೇ ದಿನಕ್ಕೆ ಹಲವು ಬಾರಿ ನೇರ ದಾರಿಯಲ್ಲಿ ನಡೆಸು ಎಂದು ಬೇಡಬೇಕಾಗಿದೆ ಎಂಬುದು ಅವನ ವಾದ. ಮಿಸ್ಕವೈಹ್ ಹುಟ್ಟುಹಾಕಿದ ಅನುಮಾನಕ್ಕೆ ಇದು ಉತ್ತರವಾಯಿತು: ಪ್ರಾರ್ಥನೆ ಕೇವಲ ಸಾಮಾಜಿಕ ಅಭ್ಯಾಸವಲ್ಲ, ಅಭ್ಯಾಸದ ಕೊರತೆಯನ್ನು ತುಂಬಿಕೊಡುವ ನೆರವಿನ ಕೋರಿಕೆ.

ಮಕ್ಕಳ ಶಿಕ್ಷಣದ ಬಗ್ಗೆ ಅವನು ಬರೆದ ಪುಟಗಳು ನಮ್ಮ ಚರ್ಚೆಗೆ ಇನ್ನೂ ಹತ್ತಿರದವು. ಊಟಕ್ಕೆ ಎಲ್ಲರಿಗಿಂತ ಮೊದಲು ಕೈಹಾಕಬಾರದು, ತಿನ್ನುವವರ ಮುಖ ನೋಡಬಾರದು, ಚೆನ್ನಾಗಿ ಅಗಿದು ತಿನ್ನಬೇಕು, ಆಗಾಗ ಬರೀ ರೊಟ್ಟಿ ತಿಂದು ಅಭ್ಯಾಸವಿರಬೇಕು. ಹುಡುಗ ಒಳ್ಳೆಯದು ಮಾಡಿದರೆ ಎಲ್ಲರ ಮುಂದೆ ಹೊಗಳಬೇಕು. ತಪ್ಪು ಮಾಡಿ ಅದನ್ನು ಮುಚ್ಚಿಡಲು ನೋಡಿದರೆ ಮೊದಲ ಬಾರಿ ಕಂಡೂ ಕಾಣದಂತಿರಬೇಕು, ಏಕೆಂದರೆ ಬಯಲಿಗೆಳೆದರೆ ಅವನ ನಾಚಿಕೆ ಹೋಗಿ ಧಾರ್ಷ್ಟ್ಯ ಬರುತ್ತದೆ. ಮತ್ತೆ ಮಾಡಿದರೆ ಏಕಾಂತದಲ್ಲಿ ಗದರಬೇಕು. ಪಾಠ ಮುಗಿದ ಮೇಲೆ ಆಡಲು ಬಿಡಬೇಕು, ಇಲ್ಲದಿದ್ದರೆ ಮನಸ್ಸು ಸಾಯುತ್ತದೆ. ಈ ಉಪದೇಶದ ಬಹುಭಾಗ ಬ್ರೈಸನ್ ಎಂಬ ಗ್ರೀಕ್ ಲೇಖಕನಿಂದ ಮಿಸ್ಕವೈಹ್‌ಗೆ ಬಂದು, ಅವನಿಂದ ಗಜಾಲಿಗೆ ಹರಿದದ್ದು. ಮುಸ್ಲಿಂ ಜಗತ್ತು ಅತ್ಯಂತ ಹೆಚ್ಚು ಓದಿದ ಧಾರ್ಮಿಕ ಗ್ರಂಥಗಳಲ್ಲೊಂದರ ನಡುವೆ ಹೀಗೆ ಮುಸ್ಲಿಮನಲ್ಲದ ಒಬ್ಬ ಗ್ರೀಕನ ಮನೆಪಾಠ ಕುಳಿತಿದೆ, ಮತ್ತು ಅದರಿಂದ ಆ ಗ್ರಂಥದ ಪಾವಿತ್ರ್ಯಕ್ಕೆ ಊನವಾಯಿತೆಂದು ಅದರ ಓದುಗರಿಗೆ ಅನ್ನಿಸಲಿಲ್ಲ.

ಹಾಗೆಂದು ಗಜಾಲಿ ಗ್ರೀಕರ ಋಣವನ್ನು ಸುಲಭವಾಗಿ ಒಪ್ಪಿಕೊಂಡವನಲ್ಲ. ತತ್ತ್ವಜ್ಞಾನಿಗಳು ತಮ್ಮ ನೀತಿಯನ್ನು ದೈವಭಕ್ತರ ಮಾತುಗಳಿಂದ ತೆಗೆದುಕೊಂಡು ತಮ್ಮದರೊಡನೆ ಬೆರೆಸಿದರು ಎಂದು ಅವನು ತನ್ನ ಆತ್ಮಕಥನದಲ್ಲಿ ಹೇಳುತ್ತಾನೆ. ಇತಿಹಾಸದ ದೃಷ್ಟಿಯಿಂದ ಈ ಮಾತನ್ನು ಒಪ್ಪುವುದು ಕಷ್ಟ. ಆದರೆ ಖೋಟಾ ನಾಣ್ಯದವನ ಚೀಲದಿಂದಲೂ ನುರಿತ ಸರಾಫ ಅಸಲಿ ನಾಣ್ಯವನ್ನು ಆರಿಸಬಲ್ಲ, ಹೇಳಿದವನು ಯಾರೆಂದು ನೋಡಿ ಸತ್ಯವನ್ನು ತಿರಸ್ಕರಿಸಬಾರದು ಎಂದು ಅಲ್ಲಿಯೇ ಅವನು ಹೇಳುವ ಮಾತು ಹೆಚ್ಚು ಗಟ್ಟಿಯಾದದ್ದು.

ಒಳಿತಿನ ಮೂಲ: ಬುದ್ಧಿಯೋ ಆಜ್ಞೆಯೋ

ಇಲ್ಲಿಯವರೆಗೆ ನೋಡಿದ್ದು ಹೇಗೆ ಎಂಬ ಪ್ರಶ್ನೆ. ಏಕೆ ಎಂಬ ಪ್ರಶ್ನೆಗೆ ಬಂದರೆ ದಾರಿಗಳು ಕವಲೊಡೆಯುತ್ತವೆ, ಮತ್ತು ಕವಲು ಇರುವುದು ಗ್ರೀಕರು ಒಂದು ಕಡೆ, ಮುಸ್ಲಿಮರು ಇನ್ನೊಂದು ಕಡೆ ಎಂಬಂತಲ್ಲ. ದೇವತೆಗಳು ಮೆಚ್ಚುವುದರಿಂದ ಒಂದು ಕೆಲಸ ಪವಿತ್ರವೋ, ಪವಿತ್ರವಾದ್ದರಿಂದ ದೇವತೆಗಳು ಮೆಚ್ಚುತ್ತಾರೋ ಎಂಬ ಪ್ರಶ್ನೆಯನ್ನು ಪ್ಲೇಟೊ ತನ್ನ ಒಂದು ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಕೇಳಿಸಿದ್ದಾನೆ. ಅದೇ ಪ್ರಶ್ನೆಯ ಮೇಲೆ ಇಸ್ಲಾಮಿನ ಒಳಗೇ ದೊಡ್ಡ ಪಂಗಡಗಳು ಎದುರುಬದುರಾದವು.

ಮುಅ್ತಜಿಲಾ ಪಂಥದವರ ಪ್ರಕಾರ, ಸುಳ್ಳು ಮತ್ತು ಅನ್ಯಾಯ ಕೆಟ್ಟವೆಂಬುದನ್ನು ಗ್ರಂಥ ಬರುವ ಮೊದಲೇ ಮನುಷ್ಯನ ಬುದ್ಧಿ ಬಲ್ಲದು; ದೇವರು ನ್ಯಾಯವನ್ನು ವಿಧಿಸಿರುವುದು ಅದು ನ್ಯಾಯವಾಗಿರುವುದರಿಂದ. ಈ ಪಂಥದ ದೊಡ್ಡ ವಿದ್ವಾಂಸ ಅಬ್ದುಲ್ ಜಬ್ಬಾರ್ ಮಿಸ್ಕವೈಹ್‌ನ ಕಾಲದಲ್ಲೇ, ಅದೇ ರೈ ನಗರದಲ್ಲಿ ಮುಖ್ಯ ಕಾಜಿಯಾಗಿದ್ದ. ಇದಕ್ಕೆ ಎದುರಾಗಿ ಅಶ್‌ಅರೀ ಪಂಥದವರು, ದೇವರು ವಿಧಿಸಿದ್ದೇ ಒಳಿತು, ನಿಷೇಧಿಸಿದ್ದೇ ಕೆಡುಕು, ದೇವರನ್ನು ಕಟ್ಟಿಹಾಕುವ ಬೇರೆ ಅಳತೆಗೋಲು ಇರಲಾರದು ಎಂದರು. ಮಾತುರೀದೀ ಪಂಥ ಇವೆರಡರ ನಡುವೆ ನಿಂತಿತು. ಗಜಾಲಿ ಸ್ವತಃ ಅಶ್‌ಅರೀ. ಆದರೂ ಅವನೇ ಕಾನೂನಿನ ಮೂಲತತ್ತ್ವಗಳ ಗ್ರಂಥದಲ್ಲಿ, ಶರೀಅತ್ ಕಾಪಾಡಹೊರಟಿರುವುದು ಧರ್ಮ, ಜೀವ, ಬುದ್ಧಿ, ಸಂತತಿ, ಆಸ್ತಿ ಎಂಬ ಐದನ್ನು ಎಂದು ಆಜ್ಞೆಗಳ ಹಿಂದಿನ ಉದ್ದೇಶವನ್ನು ಎತ್ತಿ ತೋರಿಸಿದ. ಆಜ್ಞೆಯೇ ಕೊನೆಯ ಮಾತು ಎನ್ನುವವನು ಆಜ್ಞೆಯ ಕಾರಣವನ್ನು ಹುಡುಕುವುದು ವಿರೋಧಾಭಾಸವಾಗಿ ಕಾಣಬಹುದು. ಆದರೆ ಕಾಜಿಯ ಮುಂದೆ ದಿನವೂ ಹೊಸ ವ್ಯಾಜ್ಯಗಳು ಬರುವಾಗ ಉದ್ದೇಶವನ್ನು ಹುಡುಕದೆ ಗತ್ಯಂತರವಿರಲಿಲ್ಲ.

ಇಸ್ಲಾಮಿನ ನೀತಿಯೆಂದರೆ ವಿಧಿನಿಷೇಧಗಳ ಪಟ್ಟಿ ಎಂಬ ಜನಪ್ರಿಯ ತಿಳಿವಳಿಕೆ ಹುಟ್ಟಿರುವುದು ಈ ಕಾನೂನಿನ ಭಾಗವನ್ನು ಮಾತ್ರ ನೋಡುವುದರಿಂದ. ಕಡ್ಡಾಯ, ಅಪೇಕ್ಷಣೀಯ, ಐಚ್ಛಿಕ, ಅಹಿತಕರ, ನಿಷಿದ್ಧ ಎಂದು ಕೃತ್ಯಗಳನ್ನು ಐದಾಗಿ ವಿಂಗಡಿಸುವ ಫಿಕ್‌ಹ್ ಶಾಸ್ತ್ರ ಅಲ್ಲಿದೆ ಎಂಬುದು ನಿಜ. ಅರಿಸ್ಟಾಟಲನಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಆದರೆ ಅದರ ಪಕ್ಕದಲ್ಲೇ ಅಖ್ಲಾಕ್ ಎಂಬ ಗುಣಚಿಂತನೆಯೂ ಇತ್ತು. ಸದ್ಗುಣಗಳನ್ನು ಪೂರ್ಣಗೊಳಿಸಲೆಂದೇ ತಾವು ಕಳುಹಿಸಲ್ಪಟ್ಟಿರುವುದಾಗಿ ಪ್ರವಾದಿ ಮುಹಮ್ಮದರು ಹೇಳಿದ ಹದೀಸನ್ನು ಅದು ತನ್ನ ಆಧಾರವಾಗಿ ಇಟ್ಟುಕೊಂಡಿತ್ತು.

ಕೂಡದ ಜಾಗಗಳು

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಅರಿಸ್ಟಾಟಲನ ನಾಲ್ಕನೆಯ ಪುಸ್ತಕದಲ್ಲಿ ಬರುವ ಮಹಾನುಭಾವ, ದೊಡ್ಡ ಗೌರವಕ್ಕೆ ಅರ್ಹನಾಗಿದ್ದು, ತಾನು ಅರ್ಹನೆಂದು ತಿಳಿದಿರುವವನು. ಅರ್ಹತೆಯಿದ್ದೂ ತನ್ನನ್ನು ಕಡಿಮೆಯೆಂದು ಎಣಿಸುವುದು ಅವನ ಲೆಕ್ಕದಲ್ಲಿ ಕೊರತೆ. ಗಜಾಲಿಯಲ್ಲಿ ಇದು ತಲೆಕೆಳಗಾಗುತ್ತದೆ. ಅಹಂಕಾರ ಮತ್ತು ಆತ್ಮಪ್ರಶಂಸೆಗಳು ಮನುಷ್ಯನನ್ನು ನಾಶಮಾಡುವ ರೋಗಗಳ ಪಟ್ಟಿಯಲ್ಲಿವೆ, ವಿನಯ ಔಷಧ. ಸೃಷ್ಟಿಕರ್ತನ ಮುಂದೆ ತಾನು ದಾಸನೆಂದು ತಿಳಿದವನಿಗೆ ಗೌರವದ ಹಕ್ಕು ಎಂಬ ಮಾತೇ ಅಸಂಗತ. ಕೃತಜ್ಞತೆ, ಸೈರಣೆ, ದೇವರಲ್ಲಿ ಭರವಸೆ ಮುಂತಾದ ಗುಣಗಳು ಇಹ್ಯಾದ ಕೊನೆಯ ಹತ್ತು ಪುಸ್ತಕಗಳನ್ನು ತುಂಬಿವೆ. ಅಥೆನ್ಸಿನ ಪಟ್ಟಿಯಲ್ಲಿ ಅವುಗಳಿಗೆ ಜಾಗವಿರಲಿಲ್ಲ.

ಇನ್ನೊಂದು ಬಿರುಕು ಇದಕ್ಕಿಂತ ಆಳವಾದದ್ದು, ಮತ್ತು ಶಿಕ್ಷಣಕ್ಕೆ ನೇರವಾಗಿ ಸಂಬಂಧಿಸಿದ್ದು. ಗುಣ ಅಭ್ಯಾಸದಿಂದ ಗಟ್ಟಿಯಾಗುತ್ತದೆ ಎನ್ನುವುದಾದರೆ ದುರ್ಗುಣವೂ ಹಾಗೆಯೇ ಗಟ್ಟಿಯಾಗಬೇಕು. ಅರಿಸ್ಟಾಟಲ್ ಈ ತರ್ಕವನ್ನು ಕೊನೆಯವರೆಗೂ ಹಿಂಬಾಲಿಸುತ್ತಾನೆ: ಕಲ್ಲನ್ನು ಎಸೆಯುವುದು ನಮ್ಮ ಕೈಯಲ್ಲಿತ್ತು, ಎಸೆದ ಮೇಲೆ ಹಿಂದಕ್ಕೆ ಕರೆಯುವುದು ನಮ್ಮ ಕೈಯಲ್ಲಿಲ್ಲ. ಪಶ್ಚಾತ್ತಾಪವೇ ಹುಟ್ಟದ ಭೋಗಲಾಲಸೆಯವನು ಅವನ ಪ್ರಕಾರ ವಾಸಿಯಾಗದವನು. ಇಸ್ಲಾಮಿನ ನೀತಿ ಇಲ್ಲಿ ಬೇರೆ ದಿಕ್ಕು ಹಿಡಿಯುತ್ತದೆ, ಏಕೆಂದರೆ ಅದರಲ್ಲಿ ತೌಬಾ ಇದೆ. ಪಶ್ಚಾತ್ತಾಪಪಟ್ಟು ಹಿಂದಿರುಗುವವನಿಗೆ ಬಾಗಿಲು ಕೊನೆಯವರೆಗೂ ತೆರೆದಿರುತ್ತದೆ ಎಂಬ ಭರವಸೆಯ ಮೇಲೆ ಅದರ ಇಡೀ ಸಾಧನಾಮಾರ್ಗ ನಿಂತಿದೆ. ಇಹ್ಯಾದ ಕೊನೆಯ ಭಾಗ ಆರಂಭವಾಗುವುದೇ ತೌಬಾದಿಂದ. ಕ್ಷಮಿಸುವ ದೇವರು ಇಲ್ಲದ ವ್ಯವಸ್ಥೆಯಲ್ಲಿ ಕೆಟ್ಟು ಗಟ್ಟಿಯಾದವನಿಗೆ ಎಂಥ ದಾರಿ ಉಳಿದಿದೆ ಎಂಬ ಪ್ರಶ್ನೆಗೆ ಅರಿಸ್ಟಾಟಲನ ಇಂದಿನ ಅನುಯಾಯಿಗಳ ಉತ್ತರ ಇನ್ನೂ ತೆಳುವಾಗಿಯೇ ಇದೆ.

ಮತ್ತೊಂದು ಕಡೆಯಿಂದ ಅರಿಸ್ಟಾಟಲನ ಸದ್ಗುಣಿ ಹೆಚ್ಚುಕಡಿಮೆ ಬಿಡುವಿದ್ದ, ಉಳ್ಳವನಾದ, ಸ್ವತಂತ್ರ ಗಂಡಸು. ಗುಲಾಮರೂ ಹೆಂಗಸರೂ ಆ ಪೂರ್ಣತೆಯ ಹೊರಗೆ. ಇಸ್ಲಾಮಿನಲ್ಲಿ ಸದ್ಗುಣದ ಕರೆ ಸಿದ್ಧಾಂತದ ಮಟ್ಟದಲ್ಲಿ ಎಲ್ಲರಿಗೂ ಇದೆ, ಏಕೆಂದರೆ ಅಂತಿಮ ದಿನದಲ್ಲಿ ಪ್ರತಿಯೊಬ್ಬರೂ ತಮ್ಮ ಲೆಕ್ಕ ಕೊಡಬೇಕು. ಸಿದ್ಧಾಂತದ ಮಟ್ಟದಲ್ಲಿ ಎಂದು ಹೇಳಲೇಬೇಕು. ಅಖ್ಲಾಕ್ ಗ್ರಂಥಗಳು ಮಾತಾಡುವುದೂ ಬಹುಪಾಲು ಮನೆಯ ಯಜಮಾನನಾದ ಗಂಡಸಿನೊಡನೆ.

ಬೀದರಿನವರೆಗೆ

ಈ ಪರಂಪರೆ ಪರ್ಷಿಯನ್ ಭಾಷೆಯ ಮೂಲಕ ಭಾರತಕ್ಕೆ ಬಂದಿತು. ನಸೀರುದ್ದೀನ್ ತೂಸಿ ಸುಮಾರು 1235ರಲ್ಲಿ ಮಿಸ್ಕವೈಹ್‌ನ ಕೃತಿಯನ್ನು ಆಧರಿಸಿ, ಅದಕ್ಕೆ ಗೃಹನೀತಿ ಮತ್ತು ರಾಜನೀತಿಗಳ ಭಾಗಗಳನ್ನು ಸೇರಿಸಿ ‘ಅಖ್ಲಾಕೆ ನಾಸಿರಿ’ಯನ್ನು ಬರೆದ. ಹದಿನೈದನೇ ಶತಮಾನದಲ್ಲಿ ಜಲಾಲುದ್ದೀನ್ ದವ್ವಾನಿ ಅದನ್ನು ಮತ್ತೆ ತಿದ್ದಿ ‘ಅಖ್ಲಾಕೆ ಜಲಾಲಿ’ಯಾಗಿಸಿದ. ಮೊಘಲ್ ಆಡಳಿತವರ್ಗಕ್ಕೆ ಇವು ಓದಲೇಬೇಕಾದ ಪುಸ್ತಕಗಳಾಗಿದ್ದವು. ತೂಸಿಯ ಕೃತಿಯನ್ನು ಅಕ್ಬರ್ ಓದಿಸಿ ಕೇಳುತ್ತಿದ್ದ.

ಇದೇ ದವ್ವಾನಿ ತನ್ನ ತತ್ತ್ವಶಾಸ್ತ್ರೀಯ ವ್ಯಾಖ್ಯಾನವೊಂದನ್ನು ಅರ್ಪಿಸಿದ್ದು ಬಹಮನಿ ವಜೀರ ಮಹಮೂದ್ ಗವಾನನಿಗೆ. ಬೀದರಿನಲ್ಲಿ 1472ರಲ್ಲಿ ಪೂರ್ಣಗೊಂಡ ಗವಾನನ ಮದರಸಾದ ಒಂದು ಮಿನಾರೂ ಗೋಡೆಯ ಬಣ್ಣದ ಹೆಂಚುಗಳ ಸಾಲುಗಳೂ ಇಂದಿಗೂ ನಿಂತಿವೆ. ಅರಿಸ್ಟಾಟಲನ ನೀತಿಯನ್ನು ಇಸ್ಲಾಮಿನ ಚೌಕಟ್ಟಿನಲ್ಲಿ ಓದುತ್ತಿದ್ದ ಜಗತ್ತಿಗೆ ಇಂದಿನ ಕರ್ನಾಟಕದ ಒಂದು ಊರು ಹೀಗೆ ನೇರವಾಗಿ ಸೇರಿತ್ತು. 1837ರಲ್ಲಿ ಕಂಪನಿ ಸರ್ಕಾರ ನ್ಯಾಯಾಲಯಗಳಲ್ಲಿ ಪರ್ಷಿಯನ್ ಬಳಕೆಯನ್ನು ಕೈಬಿಟ್ಟ ಮೇಲೆ ಆ ಭಾಷೆಗಿದ್ದ ಉದ್ಯೋಗದ ಬೆಲೆ ಕುಸಿಯಿತು, ಅದರ ಜೊತೆಗೆ ಈ ಪುಸ್ತಕಗಳ ಓದುಗವರ್ಗವೂ ಕರಗಿತು. 1870ರಲ್ಲಿ ಸರ್ ಸೈಯದ್ ಅಹ್ಮದ್ ಖಾನ್ ತಮ್ಮ ಉರ್ದು ಸುಧಾರಣಾ ಪತ್ರಿಕೆಗೆ ಮಿಸ್ಕವೈಹ್‌ನ ಗ್ರಂಥದ ಹೆಸರನ್ನೇ ಇಟ್ಟರು, ಆದರೆ ಅಷ್ಟರಲ್ಲಿ ಆ ಗ್ರಂಥದ ಕಾಲ ಮುಗಿದಿತ್ತು.

ಇತ್ತ ಪಶ್ಚಿಮದಲ್ಲೂ ಗುಣದ ಮಾತು ಮರೆಗೆ ಸರಿದಿತ್ತು. 1958ರಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಎಲಿಜಬೆತ್ ಆನ್ಸ್‌ಕೂಂಬ್ ಒಂದು ಪ್ರಬಂಧದಲ್ಲಿ, ಆಜ್ಞೆ ಕೊಡುವ ದೇವರನ್ನು ಕೈಬಿಟ್ಟ ಮೇಲೂ ನೈತಿಕ ಕಟ್ಟುಪಾಡಿನ ಭಾಷೆಯನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ ಎಂದು ವಾದಿಸಿ, ಅರಿಸ್ಟಾಟಲನತ್ತ ಗಮನ ಸೆಳೆದರು. ಇಂದಿನ ಸದ್ಗುಣ ನೀತಿಶಾಸ್ತ್ರ ಅಲ್ಲಿಂದ ಚಿಗುರಿದೆ.

ಎರಡೂ ಕಡೆಯ ಆಕ್ಷೇಪ

ಅಖ್ಲಾಕ್ ಪರಂಪರೆಯನ್ನು ಇಸ್ಲಾಮಿನ ನೀತಿಯೆಂದು ಕರೆಯುವುದಕ್ಕೇ ಒಪ್ಪದವರಿದ್ದಾರೆ. ಅದು ಆಸ್ಥಾನದ ವಿದ್ವಾಂಸರು ಗ್ರೀಕ್ ತಿರುಳಿಗೆ ಕುರ್‌ಆನಿನ ವಾಕ್ಯಗಳ ಹೊದಿಕೆ ಹಾಕಿದ ಸಾಹಿತ್ಯ, ನಿಜವಾದ ನೀತಿ ಕುರ್‌ಆನ್ ಮತ್ತು ಹದೀಸುಗಳಲ್ಲಿದೆ ಎಂಬುದು ಗ್ರಂಥನಿಷ್ಠರ ಮಾತು. ಸೆಕ್ಯುಲರ್ ವಲಯದ ಆಕ್ಷೇಪ ಇದರ ಕನ್ನಡಿಬಿಂಬ: ತಿರುಳು ಗ್ರೀಕಿನದೇ ಆಗಿದ್ದರೆ ಹೊದಿಕೆಯ ಅಗತ್ಯವೇನು? ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ ಎನ್ನಬೇಕಾಗುತ್ತದೆ. ವಿನಯ, ತೌಬಾ, ಸಂಕಲ್ಪಶುದ್ಧಿಗಳು ಸೇರಿದ ಮೇಲೆ ಗಜಾಲಿಯ ನೀತಿ ಅರಿಸ್ಟಾಟಲನದಾಗಿ ಉಳಿಯಲಿಲ್ಲ. ಅಭ್ಯಾಸ ಮತ್ತು ಹದಗಳನ್ನು ತೆಗೆದರೆ ಅದು ಗಜಾಲಿಯದಾಗಿಯೂ ಉಳಿಯುವುದಿಲ್ಲ.

ಹಾಗಾದರೆ ಶಾಲೆಯಲ್ಲಿ ಏನಾದೀತು

ಎರಡು ಪರಂಪರೆಗಳೂ ಒಪ್ಪುವ ಮಾತಿನಿಂದ ಆರಂಭಿಸಬಹುದು. ವಾರಕ್ಕೆ ಒಂದೆರಡು ಪಿರಿಯಡ್ ಶ್ಲೋಕವನ್ನೋ ಆಯತ್ತನ್ನೋ ಸುಭಾಷಿತವನ್ನೋ ಬಾಯಿಪಾಠ ಮಾಡಿಸುವುದರಿಂದ ಗುಣ ಬರುವುದಿಲ್ಲ. ಬಾಯಿಪಾಠದಿಂದ ಬರುವುದು ಬಾಯಿಪಾಠದ ಅಭ್ಯಾಸ. ಅದಕ್ಕೆ ಪರೀಕ್ಷೆಯೂ ಅಂಕವೂ ಸೇರಿದರೆ ಫಲ ಇನ್ನೂ ಕೆಡುತ್ತದೆ, ಏಕೆಂದರೆ ಅಂಕಕ್ಕಾಗಿ ಬರೆದ ಪ್ರಾಮಾಣಿಕತೆಯ ಉತ್ತರದಲ್ಲಿ ಅರಿಸ್ಟಾಟಲ್ ಕೇಳುವ ಸಂತೋಷವೂ ಇರುವುದಿಲ್ಲ, ಕರ್ಮಗಳ ಬೆಲೆ ಸಂಕಲ್ಪಕ್ಕೆ ತಕ್ಕಂತೆ ಎಂಬ ಹದೀಸು ಕೇಳುವ ಶುದ್ಧಿಯೂ ಇರುವುದಿಲ್ಲ. ಈ ದೃಷ್ಟಿಯಿಂದ, ಯಾವ ಗ್ರಂಥ ಎಂಬ ಜಗಳದಲ್ಲಿ ಯಾರು ಗೆದ್ದರೂ ಮಕ್ಕಳ ಗುಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಾರದು.

ವ್ಯತ್ಯಾಸ ಕಾಣಬೇಕಾದ ಜಾಗಗಳು ಬೇರೆ. ಬಿಸಿಯೂಟದ ಸಾಲಿನಲ್ಲಿ ಯಾರು ಮುಂದೆ, ಯಾರು ಯಾರ ಪಕ್ಕ ಕೂರುತ್ತಾರೆ. ಕದ್ದ ಪೆನ್ಸಿಲ್ ಸಿಕ್ಕಾಗ ಶಿಕ್ಷಕಿ ಇಡೀ ತರಗತಿಯ ಮುಂದೆ ಹೆಸರು ಕೂಗುತ್ತಾಳೋ ಪಕ್ಕಕ್ಕೆ ಕರೆದು ಮಾತಾಡುತ್ತಾಳೋ. ಆಟದ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಡುತ್ತಾರೋ ಇಲ್ಲವೋ. ಮಿಸ್ಕವೈಹ್ ಮತ್ತು ಗಜಾಲಿ ಬರೆದದ್ದು ಇಂಥ ವಿವರಗಳ ಬಗ್ಗೆಯೇ. ಇವಕ್ಕೆ ಬೇಕಾದದ್ದು ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ಪುರುಸೊತ್ತಿರುವ, ತರಬೇತಿ ಪಡೆದ, ಸ್ವತಃ ಮಾದರಿಯಾಗಬಲ್ಲ ಶಿಕ್ಷಕರು. ಅದು ದುಬಾರಿ, ಮತ್ತು ಅದನ್ನು ಒಂದು ಸುತ್ತೋಲೆಯಲ್ಲಿ ಪ್ರಕಟಿಸಲು ಬರುವುದಿಲ್ಲ; ಗ್ರಂಥಗಳ ಮೇಲಿನ ಚರ್ಚೆ ರಾಜಕಾರಣಿಗಳಿಗೆ ಹೆಚ್ಚು ಹಿತವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಏಕೆ ಒಳ್ಳೆಯವರಾಗಬೇಕು ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಮನುಷ್ಯಜೀವನದ ಸಾರ್ಥಕ್ಯಕ್ಕಾಗಿ, ದೇವರ ಮೆಚ್ಚುಗೆಗಾಗಿ, ಮೋಕ್ಷಕ್ಕಾಗಿ ಎಂಬ ಉತ್ತರಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಸರ್ಕಾರಿ ಶಾಲೆಗೆ ಇಲ್ಲ. 28ನೇ ವಿಧಿ ಮುಚ್ಚಿರುವುದು ಆ ಬಾಗಿಲನ್ನು. ಆದರೆ ಈ ಉತ್ತರಗಳು ಇವೆ, ಇವುಗಳ ನಡುವೆ ಹೀಗೆಲ್ಲ ವಾದ ನಡೆದಿದೆ ಎಂದು ಹೈಸ್ಕೂಲಿನ ವಿದ್ಯಾರ್ಥಿಗೆ ತಿಳಿಸುವುದು 2002ರ ತೀರ್ಪಿನ ಗೆರೆಯ ಒಳಗೇ ಬರುತ್ತದೆ. ಮುಂದೆ ಮೊಕದ್ದಮೆಗಳು ನಡೆಯುವುದು ಈ ಎರಡು ತುದಿಗಳ ಬಗ್ಗೆ ಆಗಿರಲಾರದು. ಬೆಳಗಿನ ಪ್ರಾರ್ಥನೆಯಲ್ಲಿ ಒಂದೇ ಗ್ರಂಥದ ಸಾಲುಗಳನ್ನು ದಿನವೂ ಎಲ್ಲ ಮಕ್ಕಳಿಂದ ಹೇಳಿಸುವುದು ತಿಳಿವಳಿಕೆಯೋ ಬೋಧನೆಯೋ ಎಂಬ ನಡುವಿನ ಜಾಗದಲ್ಲಿ ಅವು ನಡೆಯುತ್ತವೆ. ಅಭ್ಯಾಸವೇ ಗುಣವನ್ನು ರೂಪಿಸುತ್ತದೆ ಎಂದು ಒಪ್ಪಿದವರು ದಿನನಿತ್ಯದ ಪಠಣವನ್ನು ಬರೀ ಮಾಹಿತಿಯೆಂದು ವಾದಿಸುವುದು ಅಷ್ಟು ಸುಲಭವಾಗಲಾರದು.